ಭಂಡಾರಿಯ ಧರ್ಮ

ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನವನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ ಬಹುಕಾಲ ಉಳಿಯುವುದು ಅದರೊಳಗಿನ ಲೆಕ್ಕ. ಅಂದು ಪಾವಿಟ್ಟಗೆಯೆಂಬ ಹೆಸರಿದ್ದ ಆ ಊರಿನಲ್ಲಿ ಕೃಷ್ಣನ ಮಂತ್ರಿಯಾದ ನಾರಾಯಣನು ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬಂದು ನೆಲಸುತ್ತಿದ್ದುದರಿಂದ, ಅವರ ವಾಸಕ್ಕೆ 27 ಮನೆಗಳು, ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿ, ಮುಖ್ಯೋಪಾಧ್ಯಾಯನ ಜೀವಿತಕ್ಕೆ 50 ನಿವರ್ತನ, ದೀಪದ ವೆಚ್ಚಕ್ಕೆ 12 ನಿವರ್ತನ ಎಂದು ಬೇರೆಬೇರೆಯಾಗಿ ವಿಂಗಡಿಸಿ, ಊರಿನಲ್ಲಿ ನಡೆಯುವ ಮದುವೆ, ಉಪನಯನ, ಚೌಲಗಳಿಂದ ಶಾಲೆಗೆ ಇಂತಿಷ್ಟು ಕಾಣಿಕೆ ಸಲ್ಲತಕ್ಕದ್ದೆಂದು ಅದರಲ್ಲಿ ವಿಧಿಸಲಾಗಿದೆ. ವಿದ್ಯೆಯ ಮಹಿಮೆಯನ್ನು ಬಲ್ಲವರು ಆ ವಿದ್ಯೆಗಾಗಿ ಇರುಳಿನಲ್ಲಿ ಉರಿಯಬೇಕಾದ ಎಣ್ಣೆಯನ್ನೂ ನೆನೆದರು. ನೆನೆದುದನ್ನು ಮುಂದಿನವರ ಸದ್ಬುದ್ಧಿಗೆ ಬಿಡದೆ ಕಲ್ಲಿನಲ್ಲಿ ಕೊರೆಯಿಸಿದರು.

ಜ್ಞಾನವನ್ನು ಪರಮ ಪವಿತ್ರವೆಂದು ಬಗೆಯುವ ಧರ್ಮದೃಷ್ಟಿಯಲ್ಲಿ ಈ ಎಣ್ಣೆಯ ಲೆಕ್ಕಕ್ಕೆ ಎಂತಹ ಸ್ಥಾನ ಸಲ್ಲಬೇಕು? ಅದು ಜ್ಞಾನದ ಒಳಗಣ ಅಂಗವೋ, ಅಥವಾ ಜ್ಞಾನಮಂದಿರದ ಹೊಸ್ತಿಲಾಚೆ ನಡೆದು ಮುಗಿಯತಕ್ಕ ಚಾಕರಿಯೋ? ಈ ಪ್ರಶ್ನೆಯನ್ನು ಇಂದು ಎತ್ತುವುದಕ್ಕೆ ಒಂದು ನಿಮಿತ್ತವಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳ ಶಾಲೆಗಳಲ್ಲಿ ಕಲಿತು, ವಿಜಯಪುರದಲ್ಲಿಯೋ ಧಾರವಾಡದಲ್ಲಿಯೋ ಪದವಿ ಪಡೆದು, ಭೌತವಿಜ್ಞಾನದ ಸಂಶೋಧನೆಗೆಂದು ಬೆಂಗಳೂರಿಗೋ ಮುಂಬಯಿಗೋ ತೆರಳುವ ತರುಣ ತರುಣಿಯರು, ಅಲ್ಲಿ ಮೊದಲ ಕೆಲವು ತಿಂಗಳು ತಾವು ಮಾಡಬೇಕಾಗಿ ಬಂದ ಕೆಲಸ ಭೌತವಿಜ್ಞಾನವೇ ಅಲ್ಲವೆಂದು ನೊಂದುಕೊಳ್ಳುವುದುಂಟು. ಕಣಗಳ ರಹಸ್ಯವನ್ನು ಅರಿಯಲು ಹೊರಟವರು ಗಣಕದ ಮುಂದೆ ಕುಳಿತು ತಂತ್ರಾಂಶವನ್ನು ನೆಲೆಗೊಳಿಸುವುದರಲ್ಲಿಯೇ ದಿನಗಳನ್ನು ಕಳೆಯುತ್ತಾರೆ. ಅವರ ಈ ನೋವಿನಲ್ಲಿ ಒಂದು ತಾತ್ತ್ವಿಕ ನಂಬಿಕೆ ಅಡಗಿದೆ. ಆ ನಂಬಿಕೆ ಸರಿಯಲ್ಲವೆಂದು ನನಗೆ ತೋರುತ್ತದೆ.

ಇಂದಿನ ಕಣಭೌತವಿಜ್ಞಾನದಲ್ಲಿ ಪ್ರಯೋಗವೆಂಬುದು ಉಪಕರಣದಲ್ಲಿ ಆರಂಭವಾಗಿ ಗಣಕದಲ್ಲಿ ಪೂರ್ಣವಾಗುವಂಥದು. ಉಪಕರಣದಿಂದ ಬರುವ ದತ್ತಾಂಶವನ್ನು ಓದುವುದಕ್ಕೂ, ಕಣವೊಂದು ಸೀಸದ ಹಲಗೆಯನ್ನೋ ಸ್ಫಟಿಕವನ್ನೋ ಹೊಕ್ಕು ಹಾಯುವಾಗ ಏನಾಗಬೇಕೆಂಬುದನ್ನು ಮೊದಲೇ ಗಣಿಸಿ ನೋಡುವುದಕ್ಕೂ ಬೇಕಾದ ಸಾಮರ್ಥ್ಯ ಒಬ್ಬನ ಮೇಜಿನ ಮೇಲಣ ಯಂತ್ರಕ್ಕೆ ಇರುವುದಿಲ್ಲವಾದುದರಿಂದ, ಅನೇಕರು ಹಂಚಿಕೊಂಡು ಬಳಸುವ ಸಾಮಾನ್ಯ ಗಣಕವ್ಯವಸ್ಥೆಯನ್ನು, ಬಳಕೆಯ ಮಾತಿನಲ್ಲಿ ಕ್ಲಸ್ಟರನ್ನು, ಆಶ್ರಯಿಸುವುದು ಅನಿವಾರ್ಯವಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ನೆಲೆಗೊಂಡ ಸಹಸ್ರ-ಟಿ, ಅಲ್ಲಿಯೇ 2022ರಲ್ಲಿ ಕಾರ್ಯಾರಂಭ ಮಾಡಿದ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗ, ಜಿನೀವಾದ ಸೆರ್ನ್ ಪ್ರಯೋಗಾಲಯದ ಸಿಎಂಎಸ್ ಪ್ರಯೋಗಕ್ಕಾಗಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ದುಡಿಯುತ್ತಿರುವ ಗಣಕಕೇಂದ್ರ, ಇವೆಲ್ಲ ಅಂತಹ ವ್ಯವಸ್ಥೆಗಳು. ಇಲ್ಲಿಗೆ ಬಂದ ವಿದ್ಯಾರ್ಥಿಗೆ ಒಂದು ಲಾಗಿನ್ ಹೆಸರು, ಒಂದು ಹೋಮ್ ಡೈರೆಕ್ಟರಿ, ಅದಕ್ಕೊಂದು ಮಿತಿ, ಇಷ್ಟು ದೊರೆಯುತ್ತವೆ. ಯಂತ್ರದ ಮೂಲ ಕಡತಗಳನ್ನು ಮುಟ್ಟುವ ಅಧಿಕಾರ ಅಡ್ಮಿನ್‌ಗಳದು. ತನಗೆ ಬೇಕಾದುದನ್ನು ತನ್ನ ಮಿತಿಯೊಳಗೆ, ಇನ್ನೊಬ್ಬರ ಕೆಲಸಕ್ಕೆ ಭಂಗ ಬಾರದಂತೆ, ಅವನು ಕಟ್ಟಿಕೊಳ್ಳತಕ್ಕದ್ದು.

ಕಟ್ಟಿಕೊಳ್ಳುವುದೆಂದರೆ ಸುಲಭದ ಮಾತಲ್ಲ. ದತ್ತಾಂಶದ ವಿಶ್ಲೇಷಣೆಗೆ ಕಣವಿಜ್ಞಾನಿಗಳೆಲ್ಲ ನೆಚ್ಚಿರುವ ರೂಟ್ ಎಂಬ ತಂತ್ರಾಂಶವನ್ನು 1990ರ ದಶಕದ ನಡುವಿನಲ್ಲಿ ಸೆರ್ನ್‌ನ ರೆನೆ ಬ್ರುನ್ ಮತ್ತು ಫಾನ್ಸ್ ರಾಡೆಮೇಕರ್ಸ್ ಆರಂಭಿಸಿದರು. ದ್ರವ್ಯದೊಳಗೆ ಕಣಗಳ ಸಂಚಾರವನ್ನು ಅನುಕರಿಸಿ ತೋರಿಸುವ ಜಿಯಾಂಟ್-4 ಮೊದಲು ಬಿಡುಗಡೆಯಾದುದು 1998ರ ಡಿಸೆಂಬರಿನಲ್ಲಿ. ಇವೆರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಬೇಕಾದರೆ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಯಾವುದು, ಅದರ ಆವೃತ್ತಿ ಯಾವುದು, ಸಿ++ ಭಾಷೆಯ ಯಾವ ಪ್ರಮಾಣವನ್ನು ಅನುಸರಿಸಿ ರೂಟ್ ಸಿದ್ಧವಾಗಿದೆ, ಅದೇ ಪ್ರಮಾಣವನ್ನು ತನ್ನ ಪ್ರೋಗ್ರಾಮೂ ಅನುಸರಿಸಿದೆಯೆ, ಎಂಬುದನ್ನೆಲ್ಲ ನೋಡಬೇಕಾಗುತ್ತದೆ. ಜಿಯಾಂಟ್-4 ತನ್ನ ಗಣನೆಗೆ ನ್ಯೂಟ್ರಾನುಗಳ, ಎಲೆಕ್ಟ್ರಾನುಗಳ, ವಿಕಿರಣಶೀಲ ಧಾತುಗಳ ಮಾಪನಗಳನ್ನು ಒಳಗೊಂಡ ಪ್ರತ್ಯೇಕ ದತ್ತಕೋಶಗಳನ್ನು ಅಪೇಕ್ಷಿಸುತ್ತದೆ. ಅವು ಎಲ್ಲಿವೆಯೆಂದು ತಿಳಿಯಪಡಿಸದಿದ್ದರೆ ನಡುದಾರಿಯಲ್ಲಿ ನಿಂತುಬಿಡುತ್ತದೆ. ಇಬ್ಬರು ಸಂಶೋಧಕರಿಗೆ ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಬೇಕಾದಾಗ ಒಂದು ಇನ್ನೊಂದನ್ನು ಕೆಡಿಸದಿರಲೆಂದು ಮಾಡ್ಯೂಲ್‌ಗಳ ಏರ್ಪಾಡಿದೆ. ಇಷ್ಟಾದ ಮೇಲೆ ಗಣನೆಯ ಕೆಲಸವನ್ನು, ಎಂದರೆ ಜಾಬನ್ನು, ಕ್ಯೂನಲ್ಲಿ ಇಟ್ಟು, ತನ್ನ ಸರದಿಗಾಗಿ ಕಾಯಬೇಕು.

ಇದನ್ನೆಲ್ಲ ನಮ್ಮ ವೇದಾಂತಿಗಳು ಬಹಿರಂಗ ಸಾಧನವೆಂದು ಕರೆದಾರು. ಶಂಕರರ ಪ್ರಸ್ಥಾನದಲ್ಲಿ ಕರ್ಮಕ್ಕೆ ಚಿತ್ತವನ್ನು ಶುದ್ಧಗೊಳಿಸುವ ಮಟ್ಟಿಗೆ ಮಾತ್ರ ಅವಕಾಶ. ಜ್ಞಾನಕ್ಕೆ ಸಮೀಪದ ಅಂತರಂಗ ಸಾಧನಗಳೆಂದರೆ ಶ್ರವಣ, ಮನನ, ನಿದಿಧ್ಯಾಸನಗಳು. ಕರ್ಮ ತನ್ನ ಕೆಲಸವನ್ನು ತೀರಿಸಿ ಹಿಂದೆ ಸರಿದ ಬಳಿಕ ಜ್ಞಾನ ಉದಯಿಸುತ್ತದೆಂಬ ಈ ವಿಂಗಡಣೆ ತರ್ಕದಲ್ಲಿ ಗಂಭೀರವಾದುದು, ಆತ್ಮವಿದ್ಯೆಯ ವಿಷಯದಲ್ಲಿ ಅದರ ಬಲವನ್ನು ಅಲ್ಲಗಳೆಯುವ ಉದ್ದೇಶವೂ ನನಗಿಲ್ಲ. ಆದರೆ ಅದೇ ವಿಂಗಡಣೆಯನ್ನು ಜಗತ್ತಿನ ಅರಿವಿಗೂ ಹಬ್ಬಿಸಿ, ಸಿದ್ಧಾಂತವನ್ನು ಚಿಂತಿಸುವವನು ಜ್ಞಾನಿ, ಸಲಕರಣೆಯನ್ನು ಸಜ್ಜುಗೊಳಿಸುವವನು ಕೇವಲ ಸೇವಕ ಎಂಬ ಮೇಲುಕೀಳನ್ನು ನಾವು ನೂರಾರು ವರ್ಷ ಪೋಷಿಸಿದುದರಿಂದ ಆದ ಹಾನಿ ಸಣ್ಣದಲ್ಲ. ತಂತ್ರಾಂಶವನ್ನು ನೆಲೆಗೊಳಿಸುತ್ತ ನೊಂದುಕೊಳ್ಳುವ ವಿದ್ಯಾರ್ಥಿಯ ಮನಸ್ಸಿನಲ್ಲಿಯೂ ತಿಳಿಯದಂತೆ ಕೆಲಸಮಾಡುತ್ತಿರುವುದು ಇದೇ ಭಾವನೆ.

ವಸ್ತುಸ್ಥಿತಿ ಬೇರೆಯೇ ಇದೆ. ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಹೊರಡಿಸುವ ಒಂದೇ ಬೀಜಸಂಖ್ಯೆಯನ್ನು ಕೊಟ್ಟು ಜಿಯಾಂಟ್-4ರ ಒಂದೇ ಅನುಕರಣವನ್ನು ಎರಡು ಸಲ ಓಡಿಸಿದರೆ ಅದೇ ಘಟನೆಗಳು ಅದೇ ಕ್ರಮದಲ್ಲಿ ಮರಳಿ ಬರಬೇಕು. ಆದರೆ ಕಂಪೈಲರನ್ನೋ ಅದು ಗಣಿತವನ್ನು ಚುರುಕುಗೊಳಿಸುವ ರೀತಿಯನ್ನೋ ಬದಲಿಸಿದಲ್ಲಿ ದಶಾಂಶದ ಕೊನೆಯ ಸ್ಥಾನಗಳಲ್ಲಿ ಅಂಕೆಗಳು ಬೇರೆಯಾಗಬಲ್ಲವು. ಆ ಸೂಕ್ಷ್ಮ ಭೇದ ಒಂದು ಕವಲಿನಲ್ಲಿ ಕಣದ ಹಾದಿಯನ್ನೇ ತಿರುಗಿಸಿಬಿಡಬಹುದು. ಪ್ರೋಟಾನು ಪರಮಾಣುಬೀಜಕ್ಕೆ ತಾಗಿದಾಗ ಏನಾಗುತ್ತದೆಂಬುದಕ್ಕೆ ಜಿಯಾಂಟ್-4ರಲ್ಲಿ ಹಲವು ಮಾದರಿಗಳಿದ್ದು, ಯಾವುದನ್ನು ಆರಿಸಿಕೊಂಡೆವೆಂಬುದರ ಮೇಲೆ ಕಣವರ್ಷದ ಆಕಾರವೇ ವ್ಯತ್ಯಾಸಗೊಳ್ಳುತ್ತದೆ. ಹೀಗಿರುವಲ್ಲಿ, ಪ್ರಬಂಧದ ಕೊನೆಯಲ್ಲಿ ಅಚ್ಚಾಗುವ ಒಂದು ಸಂಖ್ಯೆಯೊಳಗೆ ಆ ಸಿದ್ಧತೆಯ ಪ್ರತಿಯೊಂದು ಆಯ್ಕೆಯೂ ಕುಳಿತಿದೆ. ಆಯ್ಕೆಗಳ ಲೆಕ್ಕವಿಲ್ಲದಿದ್ದರೆ ಆ ಸಂಖ್ಯೆಯನ್ನು ಬೇರೊಬ್ಬನು ಮರಳಿ ಪಡೆಯಲಾರ. ಬೇರೊಬ್ಬನು ಮರಳಿ ಪಡೆಯಲಾಗದುದನ್ನು ಭೌತವಿಜ್ಞಾನ ಜ್ಞಾನವೆಂದು ಎಣಿಸುವುದಿಲ್ಲ. ಸಿದ್ಧತೆ ಇಲ್ಲಿ ಅಂತರಂಗ ಸಾಧನ.

ಇದನ್ನು ಬಸವನಬಾಗೇವಾಡಿಯ ನೆಲದಲ್ಲಿ ಹುಟ್ಟಿದವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಆ ಊರಿನಿಂದ ಹೊರಟು ಕೂಡಲಸಂಗಮವನ್ನು ಸೇರಿ, ಮುಂದೆ ಕಲ್ಯಾಣದಲ್ಲಿ ನಿಂತ ಬಸವಣ್ಣನವರು ಕಾಯಕವನ್ನು ಪೂಜೆಗೆ ಸಮವಾಗಿ ಇರಿಸಿದರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ ಅವರ ಸ್ವಂತ ಕಾಯಕ ಯಾವುದೆಂಬುದು. ಕಲಚುರಿ ಬಿಜ್ಜಳನ ಆಸ್ಥಾನದಲ್ಲಿ ಅವರು ಕರಣಿಕರಾಗಿ ಸೇರಿ ಭಂಡಾರಿಯ ಪದವಿಗೆ ಏರಿದವರು; ಲೆಕ್ಕವನ್ನು ಬರೆಯುವುದು, ತನ್ನದಲ್ಲದ ಸಂಪತ್ತನ್ನು ಕಾಯುವುದು, ಕೇಳಿದಾಗ ತೆರೆದು ತೋರಿಸುವುದು ಅವರ ನಿತ್ಯದ ಉದ್ಯೋಗವಾಗಿತ್ತು. ಭಂಡಾರದ ಹಣ ಜಂಗಮರಿಗೆ ವೆಚ್ಚವಾಗಿದೆಯೆಂದು ಆಗದವರು ದೂರಿದರೆಂದೂ, ಅರಸನು ಬಂದು ಎಣಿಸಿ ನೋಡಲಾಗಿ ಒಂದು ಹಣವೂ ಕಡಮೆಯಾಗಿರಲಿಲ್ಲವೆಂದೂ ಪುರಾಣಗಳು ಬಣ್ಣಿಸುತ್ತವೆ. ಪುರಾಣಕಾರರು ಅದನ್ನು ಪವಾಡವೆಂದು ತಿಳಿದರು. ನನ್ನ ಮಟ್ಟಿಗೆ ಆ ಕಥೆಯ ತಿರುಳು ಪವಾಡಕ್ಕಿಂತ ಮೊದಲಿನದು: ಭಕ್ತನು ಅನುಮಾನವನ್ನು ಅವಮಾನವೆಂದು ಬಗೆಯದೆ ಭಂಡಾರದ ಬಾಗಿಲನ್ನು ತೆರೆದನು. ತನ್ನ ಭಕ್ತಿಯ ಹಿರಿಮೆಯನ್ನು ಮುಂದುಮಾಡಿ ಲೆಕ್ಕದಿಂದ ತಪ್ಪಿಸಿಕೊಳ್ಳಲಿಲ್ಲ.

ಸಾಮಾನ್ಯ ಗಣಕದಲ್ಲಿ ದುಡಿಯುವವನ ಎದುರಿಗೂ ಇದೇ ಎರಡು ಬಗೆಯ ಕರ್ತವ್ಯಗಳಿವೆ. ತೆಗೆದುಕೊಳ್ಳುವುದರಲ್ಲಿ ಮಿತಿ, ತೆಗೆದುಕೊಂಡುದಕ್ಕೆ ಲೆಕ್ಕ. ಮೊದಲನೆಯದನ್ನು ಕುರಿತು ಶರಣರ ಚರಿತ್ರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ಮಿಗಿಲಾದ ಗುರುವಿಲ್ಲ. ಲಿಂಗಸುಗೂರಿನ ಬಳಿಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ ಮತ್ತು ಅವಳ ಗಂಡ ಮಾರಯ್ಯ, ಈ ದಂಪತಿಗಳ ಕಾಯಕ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದು ದಾಸೋಹಕ್ಕೇ ಸಲ್ಲುವುದಾಗಿದ್ದರೂ ಲಕ್ಕಮ್ಮ ಒಪ್ಪದೆ, ಹೆಚ್ಚಿನದನ್ನು ತಂದಲ್ಲಿಯೇ ಸುರಿದುಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಒಳ್ಳೆಯ ಉದ್ದೇಶಕ್ಕಾಗಿ ತಂದದ್ದು ಎಂಬುದೂ ಅವಳಿಗೆ ಸಮಾಧಾನವಾಗಲಿಲ್ಲ. ತನ್ನ ಪ್ರಯೋಗ ಮಹತ್ತ್ವದ್ದೆಂಬ ಕಾರಣದಿಂದ ನೂರು ಪ್ರೊಸೆಸರ್‌ಗಳು ಸಾಲುವಲ್ಲಿ ಸಾವಿರ ಕೇಳುವ, ಎಲ್ಲರೂ ಒಳಬರುವ ಲಾಗಿನ್ ಯಂತ್ರದಲ್ಲಿಯೇ ಭಾರವಾದ ಗಣನೆಯನ್ನು ಓಡಿಸಿ ಉಳಿದವರ ಕೈಕಟ್ಟುವ, ಮುಗಿದ ಕೆಲಸದ ಕಡತಗಳನ್ನು ಸ್ಕ್ರ್ಯಾಚ್ ಎಂಬ ತಾತ್ಕಾಲಿಕ ಸ್ಥಳದಲ್ಲಿ ತಿಂಗಳುಗಟ್ಟಲೆ ಬಿಟ್ಟುಹೋಗುವ ಸಂಶೋಧಕನಿಗೆ ಆ ತಾಯಿ ಏನೆನ್ನುತ್ತಿದ್ದಳೆಂಬುದನ್ನು ಊಹಿಸುವುದು ಕಷ್ಟವಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಕವಲೊಡೆದು ಸಿಂದಗಿಯ ಕಡೆಯಿಂದ ಬರುವ ಇಂಡಿ ಶಾಖಾ ಕಾಲುವೆಯ ಕೊನೆಯಂಚಿನಲ್ಲಿ ಹೊಲವಿರುವ ಒಕ್ಕಲಿಗನಿಗೆ ಈ ನೀತಿ ಯಾವ ಶಾಸ್ತ್ರದಿಂದಲೂ ತಿಳಿಯಬೇಕಾಗಿಲ್ಲ. ಮೇಲಿನವನು ಅಳತೆ ಮೀರಿ ತೂಬು ತೆರೆದರೆ ಕೆಳಗಿನವನ ಬೆಳೆ ಒಣಗುತ್ತದೆ. ಗಣಕದ ಸರದಿಯನ್ನು ನೋಡಿಕೊಳ್ಳುವ ತಂತ್ರಾಂಶಗಳಲ್ಲಿ ಹೆಚ್ಚು ಬಳಸಿದವನ ಮುಂದಿನ ಜಾಬನ್ನು ಹಿಂದಕ್ಕೆ ಸರಿಸಿ, ಕಡಮೆ ಬಳಸಿದವನನ್ನು ಮುಂದೆ ತರುವ ನಿಯಮವನ್ನು ಅಳವಡಿಸಿರುವುದುಂಟು. ನಿಯಮ ಒಳ್ಳೆಯದು. ಆದರೆ ನಿಯಮ ತಡೆಯುವುದಕ್ಕೆ ಮೊದಲೇ ತಾನಾಗಿ ಹಿಂದಿರುಗಿಸುವುದನ್ನು ಲಕ್ಕಮ್ಮ ಕಲಿಸಿದಳು, ಮತ್ತು ಧರ್ಮ ಆರಂಭವಾಗುವುದು ಅಲ್ಲಿ.

ಲೆಕ್ಕದ ವಿಷಯ ಇನ್ನೂ ಆಳವಾದುದು, ಏಕೆಂದರೆ ಅದು ಶ್ರದ್ಧೆಯ ಪ್ರಶ್ನೆಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ರೂಟ್ ಆಗಲಿ ಜಿಯಾಂಟ್-4 ಆಗಲಿ ಒಬ್ಬ ಮನುಷ್ಯನು ಓದಿ ಪರೀಕ್ಷಿಸಬಲ್ಲಷ್ಟು ಚಿಕ್ಕದಲ್ಲ. ಸಂಶೋಧಕನು ಅವನ್ನು ನಂಬುತ್ತಾನೆ. ಪ್ರತ್ಯಕ್ಷವನ್ನೂ ಅನುಮಾನವನ್ನೂ ಬಿಟ್ಟರೆ ಬೇರೆ ಪ್ರಮಾಣವಿಲ್ಲವೆಂದು ಹೆಮ್ಮೆಪಡುವ ವಿಜ್ಞಾನ ಇಲ್ಲಿ ನೈಯಾಯಿಕರು ಹೇಳುವ ಶಬ್ದಪ್ರಮಾಣವನ್ನು, ಆಪ್ತರ ವಚನವನ್ನು, ಆಧರಿಸಿಯೇ ಹೆಜ್ಜೆಯಿಡುತ್ತದೆ. ಇದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ. ವಿಷಯವನ್ನು ಸ್ವತಃ ಕಂಡವನು, ಕಂಡುದನ್ನು ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ನ್ಯಾಯಭಾಷ್ಯದ ಅಭಿಪ್ರಾಯ. ಇಂದಿನ ಆಪ್ತನು ಒಬ್ಬ ವ್ಯಕ್ತಿಯಲ್ಲ, ಪರಸ್ಪರ ತಿದ್ದಿಕೊಳ್ಳುತ್ತಿರುವ ಒಂದು ಸಮೂಹ. ಸೆರ್ನ್‌ನವರು ತಮ್ಮ ತಂತ್ರಾಂಶವನ್ನು ಜಗತ್ತಿನ ನಾನಾ ಕೇಂದ್ರಗಳಿಗೆ ತಲಪಿಸುವುದಕ್ಕೆ ಸಿವಿಎಂ-ಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ರೂಪಿಸಿದ್ದಾರೆ. ಅದರಲ್ಲಿ ಬರೆಯುವ ಅಧಿಕಾರ ಕೆಲವರಿಗೆ ಮಾತ್ರ, ಓದುವ ಅಧಿಕಾರ ಎಲ್ಲ ಕೇಂದ್ರಗಳಿಗೆ. ಬೇಕಾದ ಕಡತ ಬೇಕಾದಾಗ ಮಾತ್ರ ಇಳಿದುಬರುತ್ತದೆ. ಪ್ರತಿಯೊಂದು ಕಡತವೂ ತನ್ನ ಒಳಗಣ ವಿಷಯದಿಂದಲೇ ಗಣಿಸಿ ಪಡೆದ ಹ್ಯಾಶ್ ಸಂಖ್ಯೆಯಿಂದ ಗುರುತಿಸಲ್ಪಡುವುದರಿಂದ, ದಾರಿಯಲ್ಲಿ ಒಂದಕ್ಷರ ಕೆಟ್ಟರೂ ಸಂಖ್ಯೆ ಹೊಂದದೆ ಕೆಡುಕು ಬಯಲಾಗುತ್ತದೆ. ನಂಬಿಕೆಯೂ ಇಲ್ಲಿದೆ, ತೆರೆದ ಭಂಡಾರವೂ ಇಲ್ಲಿದೆ.

ಆದರೂ ಹ್ಯಾಶ್ ಸಂಖ್ಯೆ ಹೊಂದಿದೆಯೆಂದರೆ ಕಡತ ಕೆಡದೆ ಬಂದಿದೆಯೆಂದಷ್ಟೇ ಅರ್ಥ. ಅದು ಸತ್ಯವನ್ನು ಹೇಳುತ್ತದೆಂದು ಅರ್ಥವಲ್ಲ. ಆದುದರಿಂದಲೇ ವಿವೇಕವುಳ್ಳ ಪ್ರಯೋಗಶೀಲರು ಹೊಸ ತಂತ್ರಾಂಶವನ್ನು ನೆಲೆಗೊಳಿಸಿದೊಡನೆ ಅಜ್ಞಾತವನ್ನು ಕೇಳುವುದಿಲ್ಲ. ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಯೊಂದನ್ನು ಅದಕ್ಕೆ ಒಡ್ಡಿ, ಬಂದ ಉತ್ತರ ಗೊತ್ತಿರುವುದಕ್ಕೆ ಹೊಂದುತ್ತದೆಯೆ ಎಂದು ನೋಡಿಕೊಂಡು ಮುಂದೆ ಸಾಗುತ್ತಾರೆ. ಶರಣರು ಶಾಸ್ತ್ರವಚನವನ್ನು ಅನುಭವದ ಒರೆಗಲ್ಲಿಗೆ ತಿಕ್ಕಿ ನೋಡಿದುದೂ, ಅನುಭವಮಂಟಪದಲ್ಲಿ ಒಬ್ಬರ ಅನುಭವವನ್ನು ಇನ್ನೊಬ್ಬರ ಪ್ರಶ್ನೆಗೆ ಒಳಪಡಿಸಿದುದೂ ಇದೇ ಜಾತಿಯ ಶ್ರದ್ಧೆ. ಪರೀಕ್ಷೆಯನ್ನು ಸಹಿಸದ ಶ್ರದ್ಧೆಗಿಂತ ಪರೀಕ್ಷೆಯನ್ನು ಕರೆದು ಕುಳ್ಳಿರಿಸಿಕೊಳ್ಳುವ ಶ್ರದ್ಧೆ ಹಿರಿದೆಂದು ನಾನು ನಂಬುತ್ತೇನೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವಂತಿಲ್ಲ. ದಾಸೋಹವೆಂದರೆ ನಾನೆಂಬುದನ್ನು ಕಳೆದುಕೊಂಡು ಅರ್ಪಿಸುವುದು. ಸಂಶೋಧಕನಾದರೋ ಕೀರ್ತಿಗಾಗಿ ದುಡಿಯುತ್ತಾನೆ, ಪ್ರಬಂಧದ ಮೇಲೆ ತನ್ನ ಹೆಸರು ಬರಲೆಂದು ಹಂಬಲಿಸುತ್ತಾನೆ. ಅವನ ಕೆಲಸವನ್ನು ಕಾಯಕದ ಸಾಲಿನಲ್ಲಿ ಹೇಗೆ ಇರಿಸುವುದು? ಒಂದು ನಿದರ್ಶನವನ್ನು ನೋಡೋಣ: 2015ರಲ್ಲಿ ಸೆರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ಪ್ರಯೋಗಗಳು ಕೂಡಿ ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಪ್ರಕಟಿಸಿದ ಪ್ರಬಂಧಕ್ಕೆ 5,154 ಜನ ಲೇಖಕರು. ಅದರ 33 ಪುಟಗಳಲ್ಲಿ 24 ಪುಟಗಳನ್ನು ಲೇಖಕರ ಹಾಗೂ ಅವರ ಸಂಸ್ಥೆಗಳ ಹೆಸರುಗಳೇ ತುಂಬಿವೆ. ಉಪಕರಣದ ಬೆಸುಗೆ ಹಾಕಿದವನು, ತಂತ್ರಾಂಶವನ್ನು ನೆಲೆಗೊಳಿಸಿದವಳು, ಸಿದ್ಧಾಂತದೊಡನೆ ಫಲಿತಾಂಶವನ್ನು ತುಲನೆಮಾಡಿದವನು, ಎಲ್ಲರೂ ಅಲ್ಲಿ ಒಟ್ಟಿಗೆ ನಿಂತಿದ್ದಾರೆ. ಇಂತಹ ಸಹಯೋಗಗಳಲ್ಲಿ ಸಾಮಾನ್ಯ ವ್ಯವಸ್ಥೆಗೆ ಸೇವಾಕಾರ್ಯವನ್ನು ಸಲ್ಲಿಸಿದ ಮೇಲೆಯೇ ಲೇಖಕರ ಪಟ್ಟಿಯಲ್ಲಿ ಸ್ಥಾನ. ಕೀರ್ತಿಯ ಆಸೆ ಇದರಿಂದ ಅಳಿಯಿತೆಂದು ನಾನು ಹೇಳಲಾರೆ. ಆದರೆ ಸಾಲೋಟಗಿಯ ಶಾಲೆ ವೇದಾಧ್ಯಯನದ ಅಧಿಕಾರವುಳ್ಳವರಿಗಷ್ಟೇ ತೆರೆದಿದ್ದಿರಬೇಕೆಂಬುದನ್ನೂ, ಅಲ್ಲಿ ಎಣ್ಣೆ ಹೊಯ್ದವನಿಗೆ ಪಾಠ ಕೇಳುವ ಹಕ್ಕು ಇದ್ದಿರಲಾರದೆಂಬುದನ್ನೂ ನೆನೆದರೆ, ದೀಪ ಹಚ್ಚಿದವರೂ ಓದಿದವರೂ ಒಂದೇ ಪಂಕ್ತಿಯಲ್ಲಿ ಬಂದಿರುವುದು ಸಾಧಾರಣವಾದ ಮಾತಲ್ಲ. ಕಲ್ಯಾಣದ ಶರಣರು ಮಾದಾರ ಚೆನ್ನಯ್ಯನನ್ನೂ ಡೋಹರ ಕಕ್ಕಯ್ಯನನ್ನೂ ಹಿರಿಯರೆಂದು ಎದೆಗಪ್ಪಿಕೊಂಡಾಗ ಬಯಸಿದುದು ಇಂತಹ ಪಂಕ್ತಿಯನ್ನು.

ಹೆಸರಿನ ಪ್ರಶ್ನೆ ಇಷ್ಟಕ್ಕೆ ತೀರಿತೆನ್ನುವಂತಿಲ್ಲ. ಹೆಸರನ್ನು ಪೂರ್ತಿಯಾಗಿ ಅಳಿಸುವುದೇ ನಿಜವಾದ ಅರ್ಪಣವೆಂದು ಕೆಲವರು ವಾದಿಸುತ್ತಾರೆ. ಅಂದು ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು, ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದ ತ್ರಿಪದಿಗಳಿಗೆ ಕರ್ತೃಗಳ ಹೆಸರಿಲ್ಲ. ಅವುಗಳ ಸೊಗಸಿಗೆ ಅದರಿಂದ ಯಾವ ಕೊರತೆಯೂ ಆಗಿಲ್ಲ. ಹಾಡಿಗೆ ಆ ಮರೆವು ಒಪ್ಪುತ್ತದೆ, ಒಬ್ಬಳು ಬದಲಿಸಿದ ನುಡಿ ಇನ್ನೊಬ್ಬಳ ಹಾಡಿಗೆ ಸಿರಿಯಾಗುತ್ತದೆ. ಆದರೆ ಗಣನೆಯ ತಂತ್ರಾಂಶದಲ್ಲಿ ಯಾರು ಯಾವ ಸಾಲನ್ನು ಯಾವಾಗ ಏಕೆ ಬದಲಿಸಿದರೆಂಬುದು ತಿಳಿಯದೆ ಹೋದರೆ, ತಪ್ಪು ಹುಟ್ಟಿದ ಸ್ಥಳವನ್ನು ಹುಡುಕುವ ಮಾರ್ಗವೇ ಮುಚ್ಚಿಹೋಗುತ್ತದೆ. ಹಾಗಾದರೆ ಅಹಂಕಾರವಿಲ್ಲದ ಗುರುತು ಸಾಧ್ಯವೆ?

ವಚನಕಾರರು ಅದನ್ನು ಸಾಧಿಸಿದ್ದರು. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮನ ಗುಹೇಶ್ವರ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಕೃಷ್ಣೆಯ ದಂಡೆಯ ಮೇಲೆ ಐಕ್ಯಳಾದ ನೀಲಾಂಬಿಕೆಯ ಸಂಗಯ್ಯ, ಇಂತಹ ಅಂಕಿತಗಳಲ್ಲಿ ಬರೆದವರ ಸ್ವಂತ ಹೆಸರು ಕಾಣುವುದಿಲ್ಲ, ವಚನವನ್ನು ಅರ್ಪಿಸಿದ ದೈವದ ಹೆಸರು ಕಾಣುತ್ತದೆ; ಆದರೂ ಇದು ಯಾರ ಮಾತು, ಇದಕ್ಕೆ ಯಾರು ಹೊಣೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆಗಳನ್ನು ಕೂಡಿಹಾಕಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, ಬಳಿಕ ಮನೆಯನ್ನು ಮಾರಿ ಮುದ್ರಣಾಲಯವನ್ನು ಹೂಡಿದಾಗ, ಒಂದೇ ಕಟ್ಟಿನಲ್ಲಿ ಬೆರೆತುಹೋಗಿದ್ದ ಹಲವು ಶರಣರ ಮಾತುಗಳನ್ನು ಬಿಡಿಸಿ ಅವರವರಿಗೆ ಒಪ್ಪಿಸುವುದು ಸಾಧ್ಯವಾದುದು ಬಹುಮಟ್ಟಿಗೆ ಈ ಅಂಕಿತಗಳಿಂದ. ಸಾಮಾನ್ಯ ಗಣಕದಲ್ಲಿ ತಂತ್ರಾಂಶವನ್ನು ನೆಲೆಗೊಳಿಸಿ ಮುಗಿಸಿದ ವಿದ್ಯಾರ್ಥಿನಿ, ಯಾವ ಕಂಪೈಲರ್, ಯಾವ ಆವೃತ್ತಿ, ಯಾವ ದತ್ತಕೋಶ, ಯಾವ ಪರೀಕ್ಷೆಗೆ ಯಾವ ಉತ್ತರ ಬಂದಿತು ಎಂಬುದನ್ನು ಒಂದು ಕಡತದಲ್ಲಿ ಬರೆದು, ಅದರ ಕೆಳಗೆ ತನ್ನ ಗುರುತನ್ನು ಇರಿಸಿ, ಮುಂದೆ ಬರುವವರು ಓದಬಲ್ಲಂತೆ ಅದಕ್ಕೆ ಅನುಮತಿಯನ್ನು ತೆರೆದಿಟ್ಟಳೆಂದರೆ, ಅವಳು ಭೌತವಿಜ್ಞಾನವನ್ನು ಆಗಲೇ ಆರಂಭಿಸಿದ್ದಾಳೆ.